ಕೊಳದ ದೊಡ್ಡ ಕೋಯಿ ಮೀನನ್ನು ಗಾಯವಾಗದಂತೆ ಹಿಡಿಯುವುದು, ಎತ್ತುವುದು, ಸಾಗಿಸುವುದು

ಕೋಯಿ ಎಂದರೆ ಅಂದಕ್ಕಾಗಿ ಕೊಳದಲ್ಲಿ ಸಾಕುವ ಬಣ್ಣದ ಗೆಂಡೆ ಮೀನು. ಅಂಗೈಯಗಲದ ಕೋಯಿ ಮರಿಯನ್ನು ಅಕ್ವೇರಿಯಂ ಅಂಗಡಿಯ ಕೈಬಲೆಯಲ್ಲಿ ಎತ್ತಿ ಬಕೆಟ್ಟಿಗೆ ಹಾಕಿದರೆ ಏನೂ ಆಗುವುದಿಲ್ಲ. ನಾಲ್ಕೈದು ವರ್ಷ ಕಳೆದ ಮೇಲೆ ಅದೇ ಮೀನನ್ನು ಅದೇ ರೀತಿ ಎತ್ತಲು ಹೋದಾಗ ಹುರುಪೆ ಕಿತ್ತು ಬರುತ್ತದೆ, ರೆಕ್ಕೆ ಸೀಳುತ್ತದೆ, ವಾರದೊಳಗೆ ಮೈಮೇಲೆ ಹುಣ್ಣು ಕಾಣಿಸಿಕೊಳ್ಳುತ್ತದೆ. ಕಾರಣ ಲೆಕ್ಕದಲ್ಲೇ ಇದೆ. 30 ಸೆಂ.ಮೀ. ಉದ್ದದ ಕೋಯಿ ಸುಮಾರು 430 ಗ್ರಾಂ ತೂಗುತ್ತದೆ, 60 ಸೆಂ.ಮೀ.ನದು ಮೂರೂವರೆ ಕೆ.ಜಿ. ಉದ್ದ ಎರಡು ಪಟ್ಟಾದರೆ ತೂಕ ಎಂಟು ಪಟ್ಟು. ಕೊಳದಲ್ಲಿ ಆ ಭಾರವನ್ನು ನೀರೇ ಹೊತ್ತಿರುತ್ತದೆ. ಬಲೆಯಲ್ಲಿ ಮೇಲೆತ್ತಿದ ಕ್ಷಣ ಪೂರ್ತಿ ಭಾರ ಮೀನಿನ ಹೊಟ್ಟೆ, ರೆಕ್ಕೆಯ ಬುಡ ಮತ್ತು ಬೆನ್ನುಮೂಳೆಯ ಮೇಲೆ ಬೀಳುತ್ತದೆ.

ಕೆಳಗಿನ ಎಲ್ಲ ಹಂತಗಳೂ ಒಂದೇ ನಿಯಮದ ಮೇಲೆ ನಿಂತಿವೆ: ಬಲೆಯಿಂದ ಮೀನಿಗೆ ದಾರಿ ತೋರಿಸಿ, ಎತ್ತುವಾಗ ನೀರಿನ ಸಮೇತ ಎತ್ತಿ. 45 ಸೆಂ.ಮೀ. ದಾಟಿದ ಕೋಯಿಗೆ ಇದರಿಂದ ವಿನಾಯಿತಿ ಇರುವುದು ಕೈಯಿಂದ ಹಿಡಿಯಲೇಬೇಕಾದಾಗ ಮಾತ್ರ, ಅದೂ ಹಂತ 6ರಲ್ಲಿ ಹೇಳಿದಂತೆ.

## ಬೇಕಾದ ಸಾಮಾನು

ಎಲ್ಲವನ್ನೂ ಕೊಳದ ದಡದಲ್ಲಿ ಜೋಡಿಸಿಕೊಂಡ ಮೇಲೆಯೇ ಬಲೆ ನೀರಿಗಿಳಿಯಬೇಕು. ಮೀನು ಟಬ್ಬಿಗೆ ಬಂದ ಮೇಲೆ ಟವೆಲ್ ಹುಡುಕಿಕೊಂಡು ಮನೆಯೊಳಗೆ ಓಡುವುದರಲ್ಲೇ ಅರ್ಧ ಅನಾಹುತಗಳು ಆಗುತ್ತವೆ.

ಪ್ಯಾನ್ ನೆಟ್. ಅಗಲವಾದ, ಆಳವಿಲ್ಲದ, ತಟ್ಟೆಯಂಥ ಬಲೆ. 60 ಸೆಂ.ಮೀ. ಮೀನಿಗೆ ಬಲೆಯ ವ್ಯಾಸ 75ರಿಂದ 90 ಸೆಂ.ಮೀ. ಇರಬೇಕು. ಹೆಣಿಗೆ ಸಣ್ಣ ಕಣ್ಣಿನದು, ಮೆತ್ತನೆಯದು, ಗಂಟಿಲ್ಲದ್ದು. ಆಳವಾದ ಜೋಳಿಗೆಯಂಥ ಬಲೆ ಖಂಡಿತ ಬೇಡ. ಮೀನು ಅದರೊಳಗೆ ಮಡಚಿಕೊಳ್ಳುತ್ತದೆ.

ಟಬ್. ದುಂಡಗಿನ, ಅಂಚು ನಯವಾಗಿರುವ, ತೇಲುವ ಪ್ಲಾಸ್ಟಿಕ್ ಟಬ್. ಅಗಲ ಮೀನಿನ ಉದ್ದದ ಒಂದೂವರೆ ಪಟ್ಟು. ನೀಲಿ ಬಣ್ಣದ್ದಾದರೆ ಮೈಮೇಲಿನ ಗಾಯ, ಕೆಂಪು ಕಲೆ ಸ್ಪಷ್ಟವಾಗಿ ಕಾಣುತ್ತವೆ.

ಸಾಕ್ ನೆಟ್. ಕಾಲುಚೀಲದಂಥ ಉದ್ದನೆಯ ಬಲೆ, ಎರಡೂ ತುದಿ ತೆರೆದಿರುತ್ತದೆ. ಒಂದು ತುದಿಗೆ ಹಿಡಿಕೆ ಮತ್ತು ಬಳೆ, ಇನ್ನೊಂದು ತುದಿಯನ್ನು ಕೈಯಲ್ಲಿ ಮುಚ್ಚಿ ಹಿಡಿಯಬೇಕು. ಇದು ಸಿಗದಿದ್ದರೆ ದಪ್ಪನೆಯ ದೊಡ್ಡ ಪಾಲಿಥೀನ್ ಚೀಲ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ.

ಎಳೆಬಲೆ. ಕೊಳದ ಅಗಲ ಎರಡು ಮೀಟರ್ ದಾಟಿದ್ದರೆ ಮಾತ್ರ. ಉದ್ದ ಕೊಳದ ಅಗಲದ ಒಂದೂವರೆ ಪಟ್ಟು, ಎತ್ತರ ನೀರಿನ ಆಳದ ಒಂದೂವರೆ ಪಟ್ಟು. ಮೇಲಂಚಿಗೆ ತೇಲುಗುಂಡು, ಕೆಳಂಚಿಗೆ ಸೀಸದ ಗುಂಡು.

ಇವಲ್ಲದೆ ಏರ್ ಪಂಪ್ ಮತ್ತು ಅದರ ಗಾಳಿಯನ್ನು ಸಣ್ಣ ಗುಳ್ಳೆಗಳಾಗಿ ನೀರಿಗೆ ಬಿಡುವ ಏರ್ ಸ್ಟೋನ್, ಥರ್ಮಾಮೀಟರ್, ಅಮೋನಿಯಾ ಪರೀಕ್ಷೆಯ ಕಿಟ್, ಎರಡು ಒದ್ದೆ ಟವೆಲ್, ಟಬ್ ಮುಚ್ಚಲು ಒಂದು ಬಲೆತುಂಡು, ಅಯೋಡಿನ್ ಸೇರಿಸದ ಕಲ್ಲುಪ್ಪು, ಅಂಗಡಿಯಲ್ಲಿ ಆಂಟಿ-ಕ್ಲೋರಿನ್ ಹೆಸರಲ್ಲಿ ಸಿಗುವ ಸೋಡಿಯಂ ಥಯೋಸಲ್ಫೇಟ್.

ಕೆರೆಯಲ್ಲಿ ಮೀನು ಹಿಡಿಯುವವರನ್ನು ಕರೆಸಿ ಬೀಸುಬಲೆ ಹಾಕಿಸುವ ರೂಢಿ ರೆಸಾರ್ಟುಗಳಲ್ಲಿ, ತೋಟದ ಮನೆಗಳಲ್ಲಿ ಇದೆ. ಅವರ ಕೈಚಳಕದಲ್ಲಿ ದೋಷವಿಲ್ಲ, ಆ ಬಲೆ ಇದಕ್ಕೆ ತಕ್ಕದ್ದಲ್ಲ. ಮಾರುಕಟ್ಟೆಗೆ ಹೋಗುವ ಗೆಂಡೆಗೆ ಹುರುಪೆ ಹೋದರೆ ನಷ್ಟವಿಲ್ಲ. ಇನ್ನೂ ಇಪ್ಪತ್ತು ವರ್ಷ ಬದುಕಬೇಕಾದ ಕೋಯಿಗೆ ಅದೇ ಸೋಂಕಿನ ಬಾಗಿಲು. ಕೋಯಿಯ ಬೆನ್ನುರೆಕ್ಕೆಯ ಮುಂಭಾಗದ ದಪ್ಪ ಮುಳ್ಳು ಗರಗಸದಂತೆ ಹಲ್ಲುಹಲ್ಲಾಗಿರುತ್ತದೆ. ಗಂಟುಬಲೆಯಲ್ಲಿ ಅದು ಸಿಕ್ಕಿಕೊಂಡರೆ ಬಲೆ ಬಿಡಿಸುವಷ್ಟರಲ್ಲಿ ರೆಕ್ಕೆ ಬುಡದಿಂದಲೇ ಸೀಳಿರುತ್ತದೆ.

## ಹಂತ 1: ಹಿಂದಿನ ದಿನ

24 ಗಂಟೆ ಮೊದಲೇ ಆಹಾರ ನಿಲ್ಲಿಸಿ. ದೂರ ಸಾಗಿಸುವುದಿದ್ದರೆ ಎರಡರಿಂದ ಮೂರು ದಿನ. ಹೊಟ್ಟೆ ತುಂಬಿದ ಮೀನಿಗೆ ಹೆಚ್ಚು ಆಮ್ಲಜನಕ ಬೇಕು, ಜೊತೆಗೆ ಅದು ಚೀಲದ ನೀರಿಗೆ ಅಮೋನಿಯಾ ಬಿಡುತ್ತದೆ. ಎರಡು ದಿನದ ಉಪವಾಸದಿಂದ ದೊಡ್ಡ ಕೋಯಿಗೆ ಏನೂ ಆಗದು, ಕರುಣೆಯಿಂದ ಒಂದು ಹಿಡಿ ಹಾಕುವುದೇ ತೊಂದರೆ.

ಅದೇ ದಿನ ಅಮೋನಿಯಾ ಪರೀಕ್ಷೆ ಮಾಡಿ. ಸೊನ್ನೆಗಿಂತ ಹೆಚ್ಚು ತೋರಿಸಿದರೆ ಮೀನು ಹಿಡಿಯುವ ಯೋಚನೆ ಬಿಟ್ಟು ಮೊದಲು ನೀರು ಸರಿಪಡಿಸಿ. ನೀರು 28 ಡಿಗ್ರಿ ದಾಟಿದ್ದರೂ ಮುಂದೂಡಿ. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿ.ಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳಬಲ್ಲದು, 30 ಡಿಗ್ರಿಯದು ಏಳೂವರೆ ಮಾತ್ರ. ಕರಾವಳಿಯವರು, ಬಯಲುಸೀಮೆಯವರು ಮಾರ್ಚ್‌ನಿಂದ ಮೇ ತನಕ ಈ ಕೆಲಸ ಇಟ್ಟುಕೊಳ್ಳದಿರುವುದೇ ಒಳ್ಳೆಯದು.

ಹೊತ್ತಿನ ವಿಚಾರದಲ್ಲಿ ಒಂದು ತಪ್ಪು ಮತ್ತೆ ಮತ್ತೆ ಆಗುತ್ತದೆ. ತಂಪಿರುತ್ತದೆಂದು ಬೆಳಗಿನ ಜಾವ ಐದಕ್ಕೇ ಶುರು ಮಾಡುತ್ತಾರೆ. ಪಾಚಿಯಿಂದ ಹಸಿರಾದ ಕೊಳದಲ್ಲಿ ಆಮ್ಲಜನಕ ಅತಿ ಕಡಿಮೆ ಇರುವುದು ಆಗಲೇ, ರಾತ್ರಿಯಿಡೀ ಪಾಚಿಯೂ ಅದನ್ನೇ ಬಳಸಿರುತ್ತದೆ. ಬಿಸಿಲು ಬಿದ್ದು ಒಂದೆರಡು ಗಂಟೆಯಾದ ಮೇಲೆ, ಅಂದರೆ ಎಂಟರಿಂದ ಹತ್ತರ ನಡುವೆ ಸರಿಯಾದ ಸಮಯ.

## ಹಂತ 2: ಕೊಳ ಖಾಲಿ ಮಾಡಿಕೊಳ್ಳುವುದು, ನೀರು ಇಳಿಸುವುದು

ಮೊದಲು ವಿದ್ಯುತ್. ನೀರೊಳಗಿನ ಪಂಪ್, ಲೈಟ್, ಯುವಿ ದೀಪ ಎಲ್ಲದರ ಪ್ಲಗ್ ಕಿತ್ತು ಪಕ್ಕಕ್ಕಿಡಿ. ಸ್ವಿಚ್ ಆರಿಸಿದರೆ ಸಾಲದು. ಹೊರಗಿನ ಏರ್ ಪಂಪ್ ಮಾತ್ರ ನಡೆಯುತ್ತಿರಲಿ. ಅದು ನೀರಿನ ಮಟ್ಟಕ್ಕಿಂತ ಎತ್ತರದಲ್ಲಿ, ಒಣ ಜಾಗದಲ್ಲಿ ಇದೆಯೇ ನೋಡಿ. ಬ್ಯಾಟರಿಯದ್ದಾದರೆ ಇನ್ನೂ ಒಳ್ಳೆಯದು.

ತಾವರೆ ಕುಂಡ, ಅಲಂಕಾರದ ಕಲ್ಲು, ನೀರಲ್ಲಿ ಇಳಿಬಿದ್ದ ಪೈಪ್ ಎಲ್ಲವನ್ನೂ ತೆಗೆಯಿರಿ. ಅಟ್ಟಿಸಿದ ಮೀನು ಮೊದಲು ನುಗ್ಗುವುದೇ ಅವುಗಳ ಸಂದಿಗೆ. ಮೂತಿ ಒಡೆಯುವುದು, ಮೀಸೆ ಕಡಿಯುವುದು ಅಲ್ಲಿಯೇ.

ನಂತರ ನೀರನ್ನು 45ರಿಂದ 60 ಸೆಂ.ಮೀ. ಆಳಕ್ಕೆ ಇಳಿಸಿ. ಒಂದೂವರೆ ಮೀಟರ್ ಆಳದಲ್ಲಿ ದೊಡ್ಡ ಕೋಯಿ ಬಲೆಯ ಕೆಳಗೇ ಸುತ್ತಾಡುತ್ತಿರುತ್ತದೆ, ಹಿಡಿಯುವವರಿಗೆ ಸುಸ್ತಾದೀತೇ ಹೊರತು ಮೀನು ಸಿಗದು. ಸಾಧ್ಯವಾದಷ್ಟು ಹಳೆ ನೀರನ್ನು ಡ್ರಮ್ಮಿನಲ್ಲೋ ಸಿಂಟೆಕ್ಸ್ ತೊಟ್ಟಿಯಲ್ಲೋ ತುಂಬಿಟ್ಟುಕೊಂಡರೆ ಮತ್ತೆ ಅದನ್ನೇ ಬಿಡಬಹುದು. ತಳದಲ್ಲಿ ಕೆಸರಿದ್ದರೆ ಒಳಗೆ ಕಾಲಿಡಬೇಡಿ. ಕದಡಿದ ಕೆಸರಿನಿಂದ ಏಳುವ ವಿಷಾನಿಲ ಕಡಿಮೆ ನೀರಿನಲ್ಲಿ ಮೀನುಗಳನ್ನು ಒಂದೇ ಗಂಟೆಯಲ್ಲಿ ಕೊಲ್ಲಬಲ್ಲದು. ಕೊಳೆತ ಮೊಟ್ಟೆಯ ವಾಸನೆ ಬಂದರೆ ಕೂಡಲೇ ಹೊಸ ನೀರು ಬಿಡಿ.

ಹೊಸ ನೀರಿನ ಬಗ್ಗೆಯೂ ಎಚ್ಚರ ಬೇಕು. ಬೆಂಗಳೂರಿನ ಕಾವೇರಿ ನೀರಾಗಲಿ, ಬೇರೆ ಊರಿನ ನಲ್ಲಿ ನೀರಾಗಲಿ, ಕ್ಲೋರಿನ್ ಬೆರೆಸಿ ಬಿಟ್ಟಿದ್ದೇ. ಲೀಟರಿಗೆ 1 ಮಿ.ಗ್ರಾಂ ಕ್ಲೋರಿನ್ ಇದ್ದರೆ 1000 ಲೀಟರಿಗೆ ಸುಮಾರು 7 ಗ್ರಾಂ ಸೋಡಿಯಂ ಥಯೋಸಲ್ಫೇಟ್ ಬೇಕು. 10 ಗ್ರಾಂ ಹಾಕಿದರೂ ತೊಂದರೆಯಿಲ್ಲ. ಬೋರ್‌ವೆಲ್ ನೀರಿನಲ್ಲಿ ಕ್ಲೋರಿನ್ ಇರದು, ಆದರೆ ನೆಲದಡಿಯಿಂದ ಬರುವ ಆ ನೀರಿನಲ್ಲಿ ಆಮ್ಲಜನಕವೂ ತೀರಾ ಕಡಿಮೆ. ಒಂದು ರಾತ್ರಿ ತೊಟ್ಟಿಯಲ್ಲಿಟ್ಟು ಗಾಳಿ ಹಾಯಿಸಿಯೇ ಬಿಡಬೇಕು.

## ಹಂತ 3: ಜಾಗ ಕಿರಿದಾಗಿಸುವುದು

ಚಿಕ್ಕ ಕೊಳದವರು ಈ ಹಂತ ಬಿಟ್ಟು ಮುಂದೆ ಹೋಗಬಹುದು.

ದೊಡ್ಡ ಕೊಳದಲ್ಲಿ ಇಬ್ಬರು ಎರಡು ದಡದಲ್ಲಿ ನಿಂತು ಎಳೆಬಲೆಯನ್ನು ಒಂದು ತುದಿಯಿಂದ ನಿಧಾನ ಎಳೆದುಕೊಂಡು ಬರಬೇಕು. ಸೀಸದ ಅಂಚು ತಳಕ್ಕೆ ತಾಗಿಕೊಂಡು ಮೇಲಂಚಿಗಿಂತ ಒಂದು ಹೆಜ್ಜೆ ಮುಂದಿರಲಿ. ಅದು ಹಿಂದೆ ಬಿದ್ದರೆ ಬಲೆ ನೆಲದಿಂದ ಏಳುತ್ತದೆ, ಹಿರಿಯ ಮೀನುಗಳು ಆ ಸಂದಿಯನ್ನು ತಕ್ಷಣ ಪತ್ತೆ ಹಚ್ಚುತ್ತವೆ. ಮೀನುಗಳ ಮುಂದೆ ಕನಿಷ್ಠ ಒಂದು ಮೀಟರ್ ಜಾಗ ಉಳಿದಾಗ ನಿಲ್ಲಿಸಿ. ಇನ್ನೂ ಒತ್ತಿದರೆ ಒಂದು ಮೀನು ಹಾರುತ್ತದೆ, ಅದನ್ನು ನೋಡಿ ಎಲ್ಲವೂ ಹಾರುತ್ತವೆ. ಮೇಲಂಚನ್ನು ನೀರಿನಿಂದ 30 ಸೆಂ.ಮೀ. ಎತ್ತರಕ್ಕೆ ಹಿಡಿದುಕೊಳ್ಳಲು ಮೂರನೆಯವರೊಬ್ಬರು ಇರುವುದು ಇದಕ್ಕೇ. ಎಳೆಬಲೆಯ ಕೆಲಸ ಇಲ್ಲಿಗೆ ಮುಗಿಯಿತು; ಮೀನಿನ ಸಮೇತ ಅದನ್ನು ಎತ್ತಬೇಡಿ.

## ಹಂತ 4: ಪ್ಯಾನ್ ನೆಟ್‌ನಿಂದ ಟಬ್ಬಿಗೆ

ಜನ ಎಡವುವುದು ಇಲ್ಲಿ, ಹಾಗಾಗಿ ನಿಧಾನವಾಗಿ ಓದಿ.

ಟಬ್ಬನ್ನು ಕೊಳದಲ್ಲಿ ತೇಲಿಬಿಟ್ಟು ಕೊಳದ್ದೇ ನೀರು 15ರಿಂದ 20 ಸೆಂ.ಮೀ. ತುಂಬಿಸಿ, ಜೊತೆಗಾರರೊಬ್ಬರು ಅಂಚು ಹಿಡಿದಿರಲಿ. ಬಲೆಯನ್ನು ನೀರಿಗೆ ಇಳಿಸಿದ ಮೇಲೆ ಒಂದು ನಿಮಿಷ ಅಲ್ಲಾಡಿಸದೆ ಬಿಡಿ, ಮೀನುಗಳು ಅದಕ್ಕೆ ಒಗ್ಗಲಿ. ಪ್ಯಾನ್ ನೆಟ್ಟನ್ನು ನೀರೊಳಗೆ ಸರಿಸುವಾಗ ಅದರ ಅಂಚು ಮುಂದಿರಬೇಕು, ದೋಸೆಯಡಿಗೆ ಮೊಗಚುವ ಕೈ ಹೋಗುತ್ತದಲ್ಲ, ಹಾಗೆ. ಅಗಲವಾದ ಮುಖವನ್ನು ಮುಂದೆ ತಳ್ಳಿದರೆ ನೀರಿನ ತಡೆಗೆ ಹಿಡಿಕೆಯೇ ಬಾಗುತ್ತದೆ, ಬಲೆ ಅಟ್ಟಿಸಿದ ಅಲೆಗೆ ಮೀನು ಬೆದರುತ್ತದೆ.

ಯಾವ ಮೀನು ಬೇಕೋ ಅದರ ತಲೆಯ ಮುಂದೆ ಬಲೆ ಬರಲಿ. ಬಾಲದ ಹಿಂದಿನಿಂದ ಬಂದರೆ ಒಂದೇ ಏಟಿಗೆ ನೆಗೆದು ಓಡುತ್ತದೆ. ತಲೆಯ ಮುಂದೆ, ಸ್ವಲ್ಪ ಕೆಳಗೆ ಬಲೆಯನ್ನು ಓರೆಯಾಗಿ ತಂದರೆ ಮೀನು ತಾನಾಗಿ ಮೇಲ್ಮೈಗೆ ಏರುತ್ತದೆ. ಏರಿದ ಮೀನನ್ನು ಬಲೆಯ ಅಂಚಿನಿಂದ ಎಡಕ್ಕೆ ಬಲಕ್ಕೆ ತಿರುಗಿಸುತ್ತ ಟಬ್ಬಿನ ಕಡೆ ನಡೆಸಿ. ಹತ್ತಿರ ಬಂದಾಗ ಜೊತೆಗಾರರು ಟಬ್ಬಿನ ಒಂದು ಅಂಚನ್ನು ನೀರೊಳಗೆ ಅದುಮಬೇಕು. ಆಗ ನೀರು ಒಳನುಗ್ಗುತ್ತದೆ, ಅದರ ಜೊತೆ ಮೀನು ತಲೆ ಮುಂದಾಗಿ ಈಜಿಕೊಂಡು ಒಳಸೇರುತ್ತದೆ. ಅಂಚು ಬಿಟ್ಟು ತಕ್ಷಣ ಮೇಲೆ ಬಲೆತುಂಡು ಮುಚ್ಚಿ. ಇಷ್ಟರಲ್ಲಿ ಮೀನಿನ ಬೆನ್ನು ಒಮ್ಮೆಯೂ ನೀರಿನಿಂದ ಹೊರಬಂದಿರಬಾರದು.

ಹತ್ತು ನಿಮಿಷದಲ್ಲಿ ಸಿಗಲಿಲ್ಲವೆಂದರೆ ಬಲೆ ಹೊರತೆಗೆದು ಆ ದಿನಕ್ಕೆ ಬಿಟ್ಟುಬಿಡಿ. ಇದು ಸೋಲಲ್ಲ. ದಣಿಯುವ ತನಕ ಅಟ್ಟಿದ ಮೀನಿನ ಮಾಂಸಖಂಡ ಮತ್ತು ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬಿಕೊಳ್ಳುತ್ತದೆ. ಕೊನೆಗೆ ಸುಲಭವಾಗಿ ಕೈಗೆ ಸಿಕ್ಕಿತೆಂದು ಖುಷಿಪಡುವಾಗ ಅದು ಸೋತು ಹೋಗಿರುತ್ತದೆ, ಎಷ್ಟೋ ಸಲ ಗಂಟೆಗಳ ನಂತರ ಸಾಯುತ್ತದೆ. ನೋಡಿದವರು ನೀರಿನ ದೋಷವೆಂದೋ ರೋಗವೆಂದೋ ತಿಳಿಯುತ್ತಾರೆ.

## ಹಂತ 5: ನೀರಿನಿಂದ ಎತ್ತುವುದು

ಪರೀಕ್ಷೆ ಮಾತ್ರ ಮಾಡುವುದಾದರೆ ಟಬ್ಬಿನಲ್ಲೇ ಮಾಡಿ, ಎತ್ತಲೇ ಬೇಡಿ.

ಬೇರೆ ತೊಟ್ಟಿಗೆ ಒಯ್ಯಬೇಕಾದರೆ ಸಾಕ್ ನೆಟ್ಟಿನ ಬಳೆಯನ್ನು ಟಬ್ಬಿನೊಳಗೆ ಮೀನಿನ ಮೂತಿಯ ಎದುರು ಹಿಡಿಯಿರಿ. ಹಿಂತುದಿ ನಿಮ್ಮ ಕೈಯಲ್ಲಿ ಬಿಗಿಯಾಗಿ ಮುಚ್ಚಿರಲಿ. ಮೀನು ಪೂರ್ತಿ ಒಳಗೆ ಬಂದ ಮೇಲೆ ಬಳೆಯ ಕಡೆಯನ್ನು ಒಂದು ಸುತ್ತು ತಿರುಚಿ ಬಾಯಿ ಮುಚ್ಚಿ, ಎರಡೂ ತುದಿ ಸಮಮಟ್ಟದಲ್ಲಿಟ್ಟು ಎತ್ತಿ. ತಲೆ ಮೇಲೆ ಬಾಲ ಕೆಳಗೆ ಆಗಬಾರದು. ಮೊಟ್ಟೆ ತುಂಬಿದ ಹೆಣ್ಣುಮೀನಿಗಂತೂ ನೇರ ತೂಗುಹಾಕಿದಂತೆ ಎತ್ತುವುದು ಒಳಗಿನ ಅಂಗವನ್ನೇ ಘಾಸಿ ಮಾಡುತ್ತದೆ. ಬಿಡುವಾಗ ಚೀಲವನ್ನು ನೀರಿಗಿಳಿಸಿ ಕೈಯಲ್ಲಿದ್ದ ತುದಿ ಸಡಿಲಿಸಿದರೆ ಮೀನು ಮುಂದಕ್ಕೇ ಈಜಿ ಹೋಗುತ್ತದೆ. ಬಲೆಯಿಂದ ಹಿಂದಕ್ಕೆ ಎಳೆಯುವ ಪ್ರಶ್ನೆಯೇ ಬರುವುದಿಲ್ಲ, ಈ ಬಲೆಯ ದೊಡ್ಡ ಗುಣವೇ ಅದು.

60 ಸೆಂ.ಮೀ. ಮೇಲ್ಪಟ್ಟ ಮೀನಿಗೆ ಇಬ್ಬರು ಬೇಕು. 70 ಸೆಂ.ಮೀ. ಕೋಯಿ ಐದೂವರೆ ಕೆ.ಜಿ.ಯಷ್ಟಾಗುತ್ತದೆ, ಒದರಾಡಿದರೆ ಒಬ್ಬರ ಕೈಯಲ್ಲಿ ನಿಲ್ಲದು. ನಡೆಯುವ ದಾರಿ ಮೊದಲೇ ನೋಡಿಟ್ಟುಕೊಳ್ಳಿ, ಪಾಚಿ ಕಟ್ಟಿದ ಕಲ್ಲುಹಾಸಿದ್ದರೆ ಗೋಣಿಚೀಲ ಹಾಸಿ.

## ಹಂತ 6: ಕೈಯಿಂದ ಹಿಡಿಯಬೇಕಾದಾಗ

ಉಂಗುರ, ಬಳೆ, ಗಡಿಯಾರ ಬಿಚ್ಚಿಡಿ. ಕೈಯಲ್ಲಿ ಸೋಪು, ಸ್ಯಾನಿಟೈಸರ್, ಸೊಳ್ಳೆ ಕ್ರೀಮಿನ ಅಂಶ ಇರಬಾರದು. ಮೊಣಕೈವರೆಗೆ ಕೊಳದ ನೀರಿನಲ್ಲಿ ಒದ್ದೆ ಮಾಡಿಕೊಳ್ಳಿ. ಒಣಗೈ ತಾಗಿದಲ್ಲಿ ಮೈಮೇಲಿನ ಲೋಳೆ ಅಳಿಸಿಹೋಗುತ್ತದೆ, ಸೋಂಕಿಗೆ ಮೊದಲ ತಡೆ ಆ ಲೋಳೆಯೇ.

ಒಂದು ಕೈ ತಲೆಯ ಹಿಂದೆ, ಎದೆರೆಕ್ಕೆಗಳ ನಡುವೆ ಹೊಟ್ಟೆಯಡಿಗೆ. ಇನ್ನೊಂದು ಕೈ ಬಾಲಕ್ಕಿಂತ ಮುಂದೆ, ಗುದರೆಕ್ಕೆಯ ಹತ್ತಿರ. ಹಿಚುಕದೆ, ಮಗುವನ್ನು ಎತ್ತಿಕೊಂಡಂತೆ ಮೈಗೆ ಒರಗಿಸಿ ಅಡ್ಡಲಾಗಿ ಹಿಡಿಯಿರಿ. ಕಿವಿರಿನ ಮುಚ್ಚಳದೊಳಗೆ ಬೆರಳು ಹಾಕುವುದು, ಬಾಲ ಹಿಡಿದು ಎತ್ತುವುದು ಎರಡೂ ಕೂಡದು. ನೀರಿನ ಹೊರಗೆ 30 ಸೆಕೆಂಡು ಮೀರಬಾರದು. ಫೋಟೋ ಬೇಕಿದ್ದರೆ ಟಬ್ಬಿನ ಮೇಲೆಯೇ, ಒಂದು ಅಡಿ ಎತ್ತರದೊಳಗೆ ಮುಗಿಸಿ.

ಕೈತಪ್ಪಿ ನೆಲಕ್ಕೆ ಬಿದ್ದರೆ ಗಾಬರಿಯಿಂದ ಬಾಚಿಕೊಳ್ಳಬೇಡಿ. ಒದ್ದೆ ಟವೆಲ್ಲನ್ನು ಕಣ್ಣಿನ ಮೇಲೆ ಹೊದಿಸಿದರೆ ಒದರಾಟ ಕಡಿಮೆಯಾಗುತ್ತದೆ. ಇನ್ನೊಂದು ಟವೆಲ್ ಮೈಯಡಿಗೆ ಸರಿಸಿ ಜೋಲಿಯಂತೆ ಎತ್ತಿ ನೀರಿಗೆ ಬಿಡಿ.

## ಹಂತ 7: ಲವಂಗದ ಎಣ್ಣೆಯಿಂದ ಮಂಪರು

ಗಾಯ ಒರೆಸಲು, ಕಿವಿರು ನೋಡಲು, ಅಂಟಿಕೊಂಡ ಆಂಕರ್ ಹುಳು ಕೀಳಲು ಮೀನು ಅಲ್ಲಾಡದೆ ಇರಬೇಕು. ಬಲವಂತವಾಗಿ ಅದುಮಿ ಹಿಡಿಯುವುದಕ್ಕಿಂತ ಮಂಪರು ಕೊಡುವುದೇ ಮೀನಿಗೆ ಹಿತ. ಮೊದಲ ಸಲ ಅನುಭವವಿರುವವರನ್ನೋ ಮೀನಿನ ವೈದ್ಯರನ್ನೋ ಜೊತೆಗಿಟ್ಟುಕೊಳ್ಳಿ.

50 ಲೀಟರ್ ಕೊಳದ ನೀರಿಗೆ 2ರಿಂದ 2.5 ಮಿ.ಲೀ. ಶುದ್ಧ ಲವಂಗದ ಎಣ್ಣೆ. ನೇರ ಸುರಿದರೆ ಎಣ್ಣೆ ನೀರಿನಲ್ಲಿ ಬೆರೆಯದೆ ಹನಿಹನಿಯಾಗಿ ಉಳಿಯುತ್ತದೆ, ಮೀನಿನ ಕಿವಿರಿಗೆ ಅಂಟುತ್ತದೆ. ಮುಚ್ಚಳದ ಬಾಟಲಿಯಲ್ಲಿ ಅರ್ಧ ಲೀಟರ್ ಉಗುರುಬೆಚ್ಚಗಿನ ನೀರು ಹಾಕಿ, ಎಣ್ಣೆ ಸೇರಿಸಿ, ಹಾಲಿನಂತೆ ಬೆಳ್ಳಗಾಗುವವರೆಗೆ ಕುಲುಕಿ ನಂತರ ಬೆರೆಸಿ. ಅಳೆಯಲು ಸೂಜಿ ತೆಗೆದ ಸಿರಿಂಜ್ ಬಳಸಿ. ಏರ್ ಸ್ಟೋನ್ ಓಡುತ್ತಿರಲಿ. ಪಕ್ಕದಲ್ಲೇ ಎಣ್ಣೆಯಿಲ್ಲದ ಕೊಳದ ನೀರಿನ ಇನ್ನೊಂದು ಟಬ್ ತಯಾರಿರಲಿ. ಅದಿಲ್ಲದೆ ಶುರು ಮಾಡಬೇಡಿ.

ಕೆಲವು ನಿಮಿಷದಲ್ಲಿ ಮೀನು ಓಲಾಡುತ್ತದೆ, ಆಮೇಲೆ ಪಕ್ಕಕ್ಕೆ ವಾಲುತ್ತದೆ. ಬಾಲದ ಬುಡ ಮೆಲ್ಲಗೆ ಒತ್ತಿದಾಗ ಪ್ರತಿಕ್ರಿಯೆ ಇಲ್ಲದಿದ್ದರೆ ಕೆಲಸ ಶುರು ಮಾಡಬಹುದು. ಒಬ್ಬರ ಕಣ್ಣು ಸದಾ ಕಿವಿರಿನ ಮುಚ್ಚಳದ ಮೇಲೆ ಇರಬೇಕು. ನಿಧಾನವಾಗಿಯಾದರೂ ತೆರೆದು ಮುಚ್ಚುತ್ತಿದ್ದರೆ ಸರಿ. ನಿಂತರೆ ಆ ಕ್ಷಣವೇ ಶುದ್ಧ ನೀರಿಗೆ ಬಿಟ್ಟು, ಬಾಯೊಳಗೆ ನೀರು ಹೋಗುವಂತೆ ಮುಂದಕ್ಕೆ ನಿಧಾನ ನಡೆಸಿ. ಹಿಂದೆ ಮುಂದೆ ಅಲ್ಲಾಡಿಸಬೇಡಿ. ಹಿಂದಕ್ಕೆ ಎಳೆದರೆ ನೀರು ತಪ್ಪು ದಿಕ್ಕಿನಲ್ಲಿ ಹರಿದು ಕಿವಿರಿನ ಎಸಳಿಗೇ ಪೆಟ್ಟು. ಐದು ನಿಮಿಷದೊಳಗೆ ಎಲ್ಲ ಮುಗಿಯಬೇಕು.

ಕಿವಿರು ನೋಡುವ ಅವಕಾಶ ಸಿಕ್ಕಾಗ ಬಣ್ಣ ಗಮನಿಸಿ. ದಾಳಿಂಬೆ ಕಾಳಿನಂಥ ಕೆಂಪು ಆರೋಗ್ಯದ ಗುರುತು. ಕಂದು ಬಣ್ಣವಿದ್ದರೆ ನೀರಿನಲ್ಲಿ ನೈಟ್ರೈಟ್ ಹೆಚ್ಚಿರಬಹುದು. ಬಿಳಿ ತೇಪೆ, ಕೊಳೆತಂಥ ಅಂಚು ಕಂಡರೆ ಆ ಮೀನನ್ನು ಕೊಳಕ್ಕೆ ವಾಪಸು ಬಿಡದೆ ಬೇರೆ ತೊಟ್ಟಿಯಲ್ಲಿಟ್ಟು ವೈದ್ಯರಿಗೆ ತೋರಿಸಿ. ಮೈಮೇಲೆ ಗಾಯವಿದ್ದರೆ ಹತ್ತಿಯಿಂದ ನೀರು ಒತ್ತಿ ತೆಗೆದು ಪೊವಿಡೋನ್ ಅಯೋಡಿನ್ ಸವರಿ. ಕಣ್ಣಿಗೂ ಕಿವಿರಿಗೂ ತಾಗದಿರಲಿ.

## ಹಂತ 8: ಚೀಲದಲ್ಲಿ ಸಾಗಣೆ

ಒಂದು ಚೀಲಕ್ಕೆ ಒಂದೇ ದೊಡ್ಡ ಮೀನು, ಚೀಲದೊಳಗೆ ಇನ್ನೊಂದು ಚೀಲ. ಮೂರನೇ ಒಂದು ಭಾಗ ನೀರು, ಉಳಿದದ್ದು ಸಿಲಿಂಡರಿನ ಆಮ್ಲಜನಕ. ಲೀಟರಿಗೆ 2ರಿಂದ 3 ಗ್ರಾಂ ಕಲ್ಲುಪ್ಪು ಸೇರಿಸಿದರೆ ಮೀನಿನ ಆಯಾಸ ತಗ್ಗುತ್ತದೆ. ಅಮೋನಿಯಾ ಹೀರಲೆಂದು ಜಿಯೋಲೈಟ್ ಹಾಕಿದ್ದರೆ ಉಪ್ಪು ಹಾಕಬೇಡಿ, ಹೀರಿದ್ದನ್ನೆಲ್ಲ ಅದು ಮತ್ತೆ ನೀರಿಗೆ ಬಿಡುತ್ತದೆ.

ಚೀಲವನ್ನು ಮಲಗಿಸಿ, ಗಾಡಿಗೆ ಅಡ್ಡಲಾಗಿ ಇಡಿ. ಮೀನು ಗಾಡಿ ಹೋಗುವ ದಿಕ್ಕಿಗೆ ಮುಖ ಮಾಡಿದ್ದರೆ ಪ್ರತಿ ಬ್ರೇಕಿಗೂ ಮೂತಿ ಚೀಲಕ್ಕೆ ಬಡಿಯುತ್ತದೆ. ಬಿಸಿಲಿನ ದಿನ ಐಸ್ ಬಾಟಲಿಯನ್ನು ನ್ಯೂಸ್‌ಪೇಪರಿನಲ್ಲಿ ಸುತ್ತಿ ಚೀಲಗಳ ನಡುವೆ ಇಡಿ, ಬರಿಯ ಬಾಟಲಿ ಚೀಲಕ್ಕೆ ತಾಗದಿರಲಿ. ಮೇಲೆ ದಪ್ಪ ಬಟ್ಟೆ ಹೊದಿಸಿ, ಕತ್ತಲಲ್ಲಿ ಮೀನು ಶಾಂತವಾಗಿರುತ್ತದೆ.

## ಹಂತ 9: ಬಿಡುವುದು, ನಂತರದ ಎರಡು ದಿನ

ಕಟ್ಟಿದ ಚೀಲವನ್ನು ಹಾಗೆಯೇ 15ರಿಂದ 20 ನಿಮಿಷ ನೆರಳಿನಲ್ಲಿ ನೀರಿನ ಮೇಲೆ ತೇಲಿಬಿಡಿ. ಉಷ್ಣತೆಯ ವ್ಯತ್ಯಾಸ ಎರಡು ಡಿಗ್ರಿಯೊಳಗೆ ಬರಬೇಕು. ಚೀಲ ಬಿಚ್ಚಿದ ಮೇಲೆ ತಡ ಮಾಡಬಾರದು. ಪ್ರಯಾಣದಲ್ಲಿ ಮೀನು ಬಿಟ್ಟ ಇಂಗಾಲದ ಡೈಆಕ್ಸೈಡ್‌ನಿಂದ ಚೀಲದ ನೀರಿನ ಪಿಎಚ್ ಇಳಿದಿರುತ್ತದೆ, ಹಾಗಾಗಿ ಅಮೋನಿಯಾ ಇದ್ದರೂ ಅಷ್ಟು ವಿಷವಾಗಿರುವುದಿಲ್ಲ. ಬಾಯಿ ಬಿಚ್ಚಿದೊಡನೆ ಅನಿಲ ಹೊರಹೋಗಿ ಪಿಎಚ್ ಏರುತ್ತದೆ, ಅದೇ ಅಮೋನಿಯಾ ವಿಷವಾಗುತ್ತದೆ. ಬಿಚ್ಚಿಟ್ಟು ಅರ್ಧ ಗಂಟೆ ಲೋಟದಲ್ಲಿ ಸ್ವಲ್ಪ ಸ್ವಲ್ಪ ಕೊಳದ ನೀರು ಸುರಿಯುವ ಪದ್ಧತಿ ದೂರದಿಂದ ಬಂದ ದೊಡ್ಡ ಮೀನಿಗೆ ಅಪಾಯ. ಬಿಚ್ಚಿ, ಕೈಯಿಂದಲೋ ಸಾಕ್ ನೆಟ್ಟಿನಿಂದಲೋ ದಾಟಿಸಿ, ಚೀಲದ ನೀರನ್ನು ಹೊರಗೆ ಚೆಲ್ಲಿ.

ಹೊರಗಿನಿಂದ ತಂದ ಮೀನಾದರೆ ಬೇರೆ ತೊಟ್ಟಿಯಲ್ಲಿ ಮೂರರಿಂದ ನಾಲ್ಕು ವಾರ ಇಟ್ಟು ನೋಡಿದ ಮೇಲೆಯೇ ಕೊಳಕ್ಕೆ ಬಿಡಬೇಕು.

ಹೊಸ ಜಾಗದಲ್ಲಿ ಕೋಯಿ ಹಾರುತ್ತದೆ, ಹೆಚ್ಚಾಗಿ ಮೊದಲ ರಾತ್ರಿ. 48 ಗಂಟೆ ಕೊಳದ ಮೇಲೆ ಬಲೆ ಬಿಗಿದಿರಲಿ. ಮೊದಲ ದಿನ ಆಹಾರ ಬೇಡ. ಹುರುಪೆ ಹೋಗಿದ್ದರೆ 1000 ಲೀಟರಿಗೆ 3 ಕೆ.ಜಿ. ಲೆಕ್ಕದಲ್ಲಿ ಕಲ್ಲುಪ್ಪನ್ನು ಒಂದೇ ಸಲ ಸುರಿಯದೆ, ದಿನಕ್ಕೆ 1 ಕೆ.ಜಿ.ಯಂತೆ ಮೂರು ದಿನದಲ್ಲಿ ಕರಗಿಸಿ ಹಾಕಿ. ಗಿಡಗಳಿದ್ದರೆ ಮೊದಲೇ ತೆಗೆದಿಡಿ.

## ಇವನ್ನು ಕಂಡರೆ ಸುಮ್ಮನಿರಬೇಡಿ

ಬಿಳಿ ಚರ್ಮದ ಮೇಲೆ, ರೆಕ್ಕೆಗಳಲ್ಲಿ ಕೆಂಪು ನರದಂಥ ಗೆರೆ ಕಾಣುವುದು ಬೆದರಿದ ಮೀನಿನಲ್ಲಿ ಸಹಜ, ಕೆಲವು ಗಂಟೆಯಲ್ಲಿ ಇಳಿಯುತ್ತದೆ. ಮರುದಿನವೂ ಇದ್ದರೆ ಅಮೋನಿಯಾ ಅಳೆಯಿರಿ. ಮೀನು ಮೇಲ್ಮೈಗೆ ಬಂದು ಬಾಯಿ ಬಡಿಯುತ್ತಿದ್ದರೆ ಆಮ್ಲಜನಕ ಸಾಲುತ್ತಿಲ್ಲ, ಇನ್ನೊಂದು ಏರ್ ಪಂಪ್ ಹಾಕಿ. ರೆಕ್ಕೆ ಮೈಗಂಟಿಸಿಕೊಂಡು ತಳದಲ್ಲಿ ಕೂತಿರುವುದು ಎರಡನೇ ದಿನಕ್ಕೂ ಮುಂದುವರಿದರೆ, ಹುರುಪೆ ಹೋದಲ್ಲಿ ಹತ್ತಿಯಂಥ ಬೂಷ್ಟು ಬಂದರೆ, ಗಾಯದ ಸುತ್ತ ಕೆಂಪು ಉಂಗುರ ಹರಡುತ್ತಿದ್ದರೆ ಮತ್ತೆ ಹಿಡಿದು ಚಿಕಿತ್ಸೆ ಕೊಡಬೇಕು. ಆ ಎರಡನೇ ಸಲವೂ ಮೇಲಿನ ಕ್ರಮವೇ, ಆತುರ ಬೇಡ.

## ಬಲೆಯ ಆರೈಕೆ

ನೆರೆಯವರ ಕೊಳದ ಬಲೆ ತಂದು ಬಳಸಿದರೆ ಮೀನಿನ ಹೇನು, ಆಂಕರ್ ಹುಳುವಿನ ಮರಿ, ವೈರಸ್ ಎಲ್ಲವೂ ಒಟ್ಟಿಗೆ ಬರಬಹುದು. 10 ಲೀಟರ್ ನೀರಿಗೆ 10 ಗ್ರಾಂ ಬ್ಲೀಚಿಂಗ್ ಪೌಡರ್ ಕದಡಿ, ಬಲೆ ಮತ್ತು ಟಬ್ಬನ್ನು ಹತ್ತು ನಿಮಿಷ ನೆನೆಸಿ, ಚೆನ್ನಾಗಿ ತೊಳೆದು, ಆಂಟಿ-ಕ್ಲೋರಿನ್ ಹಾಕಿದ ನೀರಿನಲ್ಲಿ ಅದ್ದಿ ತೆಗೆಯಿರಿ. ಪೂರ್ತಿ ಒಂದು ದಿನ ಬಿಸಿಲಿಗೆ ಹರಡಿ. ಒಣಗಿದ ಮೇಲೆ ಅಂಗೈಯನ್ನು ಬಲೆಯ ಮೇಲೆ ಆಡಿಸಿ ನೋಡಿ: ಎಲ್ಲಾದರೂ ಹರಿದ ನೂಲು, ಒರಟು ಗಂಟು, ಬಳೆಯ ಸಂದಿಯಲ್ಲಿ ಚೂಪು ಸಿಕ್ಕರೆ ಅದನ್ನು ಸರಿಪಡಿಸದೆ ಮತ್ತೆ ನೀರಿಗಿಳಿಸಬೇಡಿ.